ಬೇಟೆಯಾಡುವವರ ಮನಸ್ಸು, ಆಡದವರ ಮನಸ್ಸು

(ನಮ್ಮ ಶಾಲೆಯ ವನ್ಯಜೀವಿ ಸಪ್ತಾಹದ ಸಮಾರೋಪ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಅಕ್ಟೋಬರ್ ೨ರಿಂದ ೮ರವರೆಗೆ ವನ್ಯಜೀವಿ ಸಪ್ತಾಹವನ್ನು ಆಚರಿಸುವುದು ನಮ್ಮ ದೇಶದಲ್ಲಿ ರೂಢಿಯಾಗಿದೆ. ಇಂಥ ಸಭೆಗಳಲ್ಲಿ ಪ್ರಾಣಿದಯೆಯನ್ನು ಕುರಿತು ನಾಲ್ಕು ಒಳ್ಳೆಯ ಮಾತುಗಳನ್ನಾಡಿ ಕುಳಿತುಕೊಳ್ಳುವುದು ಕಷ್ಟದ ಕೆಲಸವಲ್ಲ. ಸಭಿಕರೂ ತಲೆದೂಗುತ್ತಾರೆ. ಆದರೆ ಇಂದು ಈ ಚಾವಡಿಯಲ್ಲಿ ನೆರೆದವರಲ್ಲಿ ಕೋವಿಯ ಪರವಾನಗಿ ಉಳ್ಳವರಿದ್ದಾರೆ. ಒಂದೇ ರಾತ್ರಿಯಲ್ಲಿ ಮರಗೆಣಸಿನ ಗದ್ದೆಯನ್ನು ಹಂದಿಗಳಿಗೆ ಒಪ್ಪಿಸಿ ಬೆಳಗಾಗುವಾಗ ಕಣ್ಣೀರಿಟ್ಟವರಿದ್ದಾರೆ. ಇರುವೆಯನ್ನೂ ಮೆಟ್ಟಬಾರದೆಂಬ ವ್ರತದವರೂ ಇದ್ದಾರೆ. ಇಷ್ಟು ಬಗೆಯ ಮನಸ್ಸುಗಳು ಒಂದೆಡೆ ಕುಳಿತಿರುವಾಗ ಬರಿಯ ದಯೆಯ ಉಪದೇಶದಿಂದ ಪ್ರಯೋಜನವಿಲ್ಲವೆಂದು ನಮಗೆ ತೋರಿತು. ಆದಕಾರಣ ಬೇಟೆಯ ವಿಷಯದಲ್ಲಿ ಬೇಟೆಗಾರನ ಭಾವನೆ ಏನು, ಬೇಟೆಯಾಡದವನ ಭಾವನೆ ಏನು, ಇವೆರಡೂ ಎಷ್ಟರಮಟ್ಟಿಗೆ ಪ್ರಾಮಾಣಿಕವಾದುವು ಎಂಬುದನ್ನು ತಮ್ಮ ಅಪ್ಪಣೆಯಿಂದ ಸ್ವಲ್ಪ ವಿಚಾರಮಾಡಲು ಇಚ್ಛಿಸುತ್ತೇವೆ.

ಈ ವಾದ ಹೊಸದಲ್ಲ. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆಯನ್ನೇ ಮೊದಲು ಹೇಳುತ್ತದೆ. ಕೌಟಿಲ್ಯನಾದರೋ ಜೂಜಿಗಿಂತ ಬೇಟೆ ಮೇಲೆಂದು ವಾದಿಸಿ, ದೇಹಕ್ಕೆ ವ್ಯಾಯಾಮ, ನಿಂತ ಹಾಗೂ ಓಡುವ ಗುರಿಯನ್ನು ಹೊಡೆಯುವ ಅಭ್ಯಾಸ, ಸಿಟ್ಟಿನಲ್ಲಿಯೂ ಭಯದಲ್ಲಿಯೂ ಮೃಗಗಳ ಮನಸ್ಸು ಹೇಗಿರುತ್ತದೆಂಬ ಅರಿವು ಎಂದು ಅದರ ಗುಣಗಳನ್ನು ಪಟ್ಟಿಮಾಡುತ್ತಾನೆ. ಕಾಳಿದಾಸನ ಶಾಕುಂತಲದಲ್ಲಿ ಈ ಎರಡು ಪಕ್ಷಗಳೂ ರಂಗಸ್ಥಳಕ್ಕೇ ಬಂದು ನಿಲ್ಲುತ್ತವೆ. ಸೇನಾಪತಿ ಬೇಟೆಯನ್ನು ಹೊಗಳುತ್ತಾನೆ; ವಿದೂಷಕನು ಮೈಕೈ ನೋವಿನಿಂದ ನರಳುತ್ತ ಅದನ್ನು ಶಪಿಸುತ್ತಾನೆ. ಇವರಿಬ್ಬರಿಗೂ ಮೊದಲೇ ಒಬ್ಬ ತಪಸ್ವಿಯು ಬಂದು, ಇದು ಆಶ್ರಮದ ಜಿಂಕೆ, ಕೊಲ್ಲಬಾರದೆಂದು ಅರಸನ ಬಾಣವನ್ನು ತಡೆದಿದ್ದಾನೆ. ದುಷ್ಯಂತನು ಕೂಡಲೆ ಬಾಣವನ್ನು ಇಳಿಸಿದನೆಂಬುದನ್ನು ನಾವು ಮರೆಯಬಾರದು. ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನೇ ಉತ್ತಮ ಬೇಟೆಗಾರನೆಂದು ಕವಿಯ ಆಶಯವಿದ್ದಿರಬೇಕು.

ನಮ್ಮ ಕನ್ನಡದಲ್ಲಿಯೂ ಇದಕ್ಕೆ ಎರಡು ಸಾಕ್ಷಿಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ. ಶ. ೯೪೯-೫೦ರ ಶಾಸನವನ್ನು ತಮ್ಮಲ್ಲಿ ಕೆಲವರು ಓದಿರಬಹುದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಬೇಟೆಗಾರನಿಗೆ ಪ್ರಾಣಿಯ ಮೇಲೆ ಪ್ರೀತಿಯೇ ಇರದೆಂದು ಹೇಳುವವರು ಈ ಕಲ್ಲನ್ನೊಮ್ಮೆ ನೋಡಬೇಕು. ಎರಡನೆಯ ಸಾಕ್ಷಿ ಜನ್ನನ ಯಶೋಧರ ಚರಿತೆ, ಕ್ರಿ. ಶ. ೧೨೦೯ರ ಕಾವ್ಯ. ಅದರಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ರಕ್ತ ಬೀಳಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿತ್ತೆಂಬ ಕಾರಣದಿಂದ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರ ಅಲೆಯಬೇಕಾಯಿತು. ಜೈನ ಗೃಹಸ್ಥಧರ್ಮವು ಸಂಕಲ್ಪದಿಂದ ಮಾಡುವ ಹಿಂಸೆಯನ್ನೂ, ಬೇಸಾಯ ಮೊದಲಾದ ಉದ್ಯೋಗಗಳಲ್ಲಿ ಒದಗುವ ಹಿಂಸೆಯನ್ನೂ, ಆತ್ಮರಕ್ಷಣೆಗಾಗಿ ಎದುರಾಳಿಯ ಮೇಲೆ ನಡೆಯುವ ಹಿಂಸೆಯನ್ನೂ ಬೇರೆಬೇರೆಯಾಗಿ ತೂಗುತ್ತದೆ. ಕೈ ಏನು ಮಾಡಿತೆಂಬುದರ ಜೊತೆಗೆ ಮನಸ್ಸು ಏನು ಬಯಸಿತೆಂಬುದನ್ನೂ ಕೇಳಬೇಕೆಂಬ ಈ ವಿವೇಚನೆ ಇಂದಿಗೂ ನಮಗೆ ಬೇಕಾದದ್ದು.

ಇನ್ನು ನಮ್ಮ ಸ್ವಂತ ಅನುಭವಕ್ಕೆ ಬರುತ್ತೇವೆ. ನಾವು ಹುಟ್ಟಿದ್ದು ಅಡಕೆ ತೋಟದ ಮನೆಯಲ್ಲಿ. ಮಾಂಸ ತಿನ್ನುವ ವಾಡಿಕೆ ಮನೆಯಲ್ಲಿ ಇರಲಿಲ್ಲ; ಕೋವಿಯನ್ನು ಮುಟ್ಟಿದವರೂ ಇರಲಿಲ್ಲ. ಆದರೆ ಹಂದಿಗಳು ತೋಟಕ್ಕೆ ನುಗ್ಗಿ ಬಾಳೆ, ಕೆಸುಗಳನ್ನು ಬುಡಮೇಲು ಮಾಡಿ, ಎಳೆಯ ಅಡಕೆ ಸಸಿಗಳನ್ನು ಕಿತ್ತು ಹಾಕಿದಾಗ ನಮ್ಮ ತಂದೆಯವರು ಸಂಜೆ ಗುಡ್ಡದಾಚೆಯ ಒಬ್ಬ ಹಿರಿಯರಿಗೆ ಹೇಳಿಕಳುಹಿಸುತ್ತಿದ್ದರು. ಮಕ್ಕಳಾದ ನಾವು ಅವರನ್ನು ಕೋವಿ ಅಜ್ಜ ಎಂದು ಕರೆಯುತ್ತಿದ್ದೆವು. ಅವರು ಬಂದರೆ ಕೋವಿಯನ್ನು ಹಟ್ಟಿಯ ಗೋಡೆಗೆ ಒರಗಿಸಿ ಅಂಗಳದ ಕರೆಯಲ್ಲಿಯೇ ಕುಳಿತುಕೊಳ್ಳುತ್ತಿದ್ದರು. ಜಗಲಿಗೆ ಬನ್ನಿರೆಂದು ಯಾರೂ ಕರೆಯುತ್ತಿರಲಿಲ್ಲ. ಎಲೆಯಡಕೆ, ಒಂದು ಲೋಟ ಕಾಪಿ ಹೊರಗೆ ಹೋಗುತ್ತಿತ್ತು. ನಡುರಾತ್ರಿ ಈಡು ಕೇಳಿಸಿದಾಗ ನಮ್ಮ ತಾಯಿಯವರು ದೇವರ ಹೆಸರು ಹೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬೆಳಗ್ಗೆ ತಂದೆಯವರು ಸ್ನಾನ ಮುಗಿಸಿ, ತೋಟವನ್ನೊಮ್ಮೆ ಸುತ್ತಿ, ಸಮಾಧಾನದಿಂದ ಪೂಜೆಗೆ ಕುಳಿತುಕೊಳ್ಳುತ್ತಿದ್ದರು. ಕೋವಿ ಅಜ್ಜನ ಮನೆಗೆ ಆ ದಿನ ಎರಡು ತೆಂಗಿನಕಾಯಿ, ಒಂದಿಷ್ಟು ಅಕ್ಕಿ ಹೋಗುತ್ತಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಜಾರಿಗೆ ಬಂದು ಆಗಲೇ ಹದಿನೈದು ವರ್ಷ ದಾಟಿತ್ತು. ಹಾಗೆ ಕೊಲ್ಲಿಸಿದುದು ತಪ್ಪೇ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ.

ಒಮ್ಮೆ ಹತ್ತು ವರ್ಷದ ಬಾಲಕರಾದ ನಾವು ಶಾಲೆಯಲ್ಲಿ ಕೇಳಿದ ಪಾಠದ ಬಲದಿಂದ, "ಅಜ್ಜ, ಪ್ರಾಣಿ ಕೊಂದರೆ ಪಾಪ ಬರುವುದಿಲ್ಲವೇ?" ಎಂದು ಕೇಳಿದೆವು. ಅವರು ನಕ್ಕು, "ಬರುತ್ತದೆ ಮಗಾ. ಆದರೆ ಲೆಕ್ಕ ಬರೆಯುವವರು ನನ್ನ ಹೆಸರು ಮಾತ್ರ ಬರೆಯದಿದ್ದರೆ ಸಾಕು. ಕರೆದವರ ಹೆಸರೂ ಇರಲಿ" ಎಂದರು. ಆಗ ಆ ಮಾತು ನಮಗೆ ತಮಾಷೆಯಾಗಿ ಕೇಳಿಸಿತು. ಮಹಾಭಾರತದ ಧರ್ಮವ್ಯಾಧನ ಕಥೆಯನ್ನು ಮುಂದೆ ಪಾಠ ಮಾಡುವಾಗ ಅದರ ಅರ್ಥ ತಿಳಿಯಿತು. ಆ ವ್ಯಾಧನು ತಾನು ಸ್ವತಃ ಕೊಲ್ಲುವುದಿಲ್ಲವೆಂದೂ, ಬೇರೆಯವರು ಕೊಂದ ಹಂದಿ ಕೋಣಗಳ ಮಾಂಸವನ್ನು ಮಾರುವುದು ಮಾತ್ರ ತನ್ನ ಕೆಲಸವೆಂದೂ ಕೌಶಿಕನಿಗೆ ಹೇಳುತ್ತಾನೆ. ಆದರೂ ತನ್ನ ವೃತ್ತಿ ಘೋರವಾದದ್ದೆಂದು ಅವನೇ ಒಪ್ಪುತ್ತಾನೆ. ನಮ್ಮ ಮನೆಯವರು ಆ ಒಪ್ಪಿಗೆಯನ್ನು ಎಂದೂ ಕೊಟ್ಟವರಲ್ಲ. ಬೇಟೆಯಾಡದವರಲ್ಲಿ ದಯಾಳುಗಳು ಉಂಟು, ಉದಾಸೀನರು ಉಂಟು. ಆದರೆ ಹೆಚ್ಚು ಮಂದಿ ಈ ಮೂರನೆಯ ಗುಂಪಿನವರು. ಬೇಟೆಯ ಫಲ ಬೇಕು, ಬೇಟೆಗಾರನು ಮಾತ್ರ ಅಂಗಳದಲ್ಲಿರಬೇಕು.

ಬೇಟೆಗಾರರಲ್ಲಿಯೂ ಒಂದೇ ಬಗೆಯ ಮನಸ್ಸಿಲ್ಲ. ಹೊಟ್ಟೆಗಾಗಿ ಕೊಂದವರು, ಬೆಳೆಗಾಗಿ ಕೊಂದವರು, ಗೋಡೆಗೆ ಕೊಂಬು ತೂಗಹಾಕುವ ಆಸೆಗಾಗಿ ಕೊಂದವರು ಎಂದು ಬೇರೆಬೇರೆ ಜನರು. ಈ ಕಡೆಯ ವರ್ಗದವರು ಮೋಜಿಗಾಗಿ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಬರಿದುಮಾಡಿದುದು ನಿಜ. ಆದರೆ ಇತಿಹಾಸದ ವಿಚಿತ್ರವೇನೆಂದರೆ, ಕಾಡು ಬರಿದಾಗುವುದನ್ನು ಮೊದಲು ಗುರುತಿಸಿದವರಲ್ಲಿಯೂ ಬೇಟೆಗಾರರೇ ಇದ್ದರು. ನಮ್ಮ ನೆರೆಯ ನೀಲಗಿರಿಯಲ್ಲಿ ವರೆಯಾಡು ಎಂಬ ಬೆಟ್ಟದ ಮೇಕೆ ನಶಿಸುವ ಸ್ಥಿತಿಗೆ ಬಂದಾಗ ೧೮೭೭ರಲ್ಲಿ ಸಂಘ ಕಟ್ಟಿ, ೧೮೭೯ರಲ್ಲಿ ಬೇಟೆಗೂ ಮೀನು ಹಿಡಿಯುವುದಕ್ಕೂ ನಿರ್ಬಂಧ ಹಾಕುವ ಕಾನೂನು ಬರುವಂತೆ ಮಾಡಿದವರು ಅಲ್ಲಿಯ ಬಿಳಿಯ ಬೇಟೆಗಾರರು. ಮುಂದೆಯೂ ತಮಗೆ ಬೇಟೆ ಸಿಗಬೇಕೆಂಬ ಸ್ವಾರ್ಥವೂ ಅದರಲ್ಲಿತ್ತು. ಸ್ವಾರ್ಥದಿಂದ ಹುಟ್ಟಿದ ಸಂಯಮವೂ ಸಂಯಮವೇ. ಜಿಮ್ ಕಾರ್ಬೆಟ್ಟರು ೧೯೦೭ರಲ್ಲಿ ೪೩೬ ಮಂದಿಯನ್ನು ಬಲಿ ತೆಗೆದುಕೊಂಡಿತೆಂದು ಲೆಕ್ಕಹಾಕಿದ ಚಂಪಾವತದ ಹೆಣ್ಣು ಹುಲಿಯನ್ನು ಕೊಂದರು. ವಯಸ್ಸಾದ ಮೇಲೆ ಅವರು ಕೋವಿಗಿಂತ ಹೆಚ್ಚಾಗಿ ಚಿತ್ರ ತೆಗೆಯುವ ಯಂತ್ರವನ್ನು ಹಿಡಿದರು. ಹುಲಿಗಳ ರಕ್ಷಣೆಗಾಗಿ ಅವರು ದುಡಿದ ಅರಣ್ಯಕ್ಕೆ ಇಂದು ಅವರದೇ ಹೆಸರಿದೆ.

ಹೊಸೂರಿನ ಸೀಮೆಯ ಜವಳಗಿರಿಯೇ ಮೊದಲಾದ ಕಾಡುಗಳಲ್ಲಿ ಅಲೆದ ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ನಮ್ಮ ತುಳುನಾಡಿನವರೇ ಆದ ಕೆದಂಬಾಡಿ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು' ಎಂಬ ಗ್ರಂಥವನ್ನೇ ಬರೆದರು. ನಮ್ಮ ಗ್ರಂಥಾಲಯದಲ್ಲಿ ಹೆಚ್ಚು ಕೈದಾಟಿ ಹರಿದ ಪುಸ್ತಕಗಳಲ್ಲಿ ಇವೂ ಸೇರಿವೆ. ಓದಿದವರಲ್ಲಿ ಒಬ್ಬರೂ ಬೇಟೆಗಾರರಲ್ಲ. ಬೇಟೆಯನ್ನು ಖಂಡಿಸುವ ನಾವೇ ಬೇಟೆಯ ಕಥೆ ಸಿಕ್ಕಿದರೆ ರಾತ್ರಿಯೆಲ್ಲ ಓದುತ್ತೇವೆ. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ಆದರೆ ಬೇಟೆಗಾರನ ಮನಸ್ಸಿನ ಒಂದು ಅಂಶ ನಮ್ಮೊಳಗೂ ಇದೆಯೆಂದು ಒಪ್ಪಿಕೊಂಡರೆ ಮಾತಿಗೆ ಪ್ರಾಮಾಣಿಕತೆ ಬಂದೀತು.

ಇನ್ನು ಪ್ರಕೃತ ವಿಷಯ. ಕೇರಳ ಸರಕಾರವು ೨೦೨೨ರ ಮೇ ತಿಂಗಳಲ್ಲಿ, ಉಪದ್ರವ ಮಾಡುವ ಕಾಡುಹಂದಿಗಳನ್ನು ಗುಂಡಿಕ್ಕಲು ಆಜ್ಞೆ ಕೊಡುವ ಅಧಿಕಾರವನ್ನು ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ವಹಿಸಿತು. ಪರವಾನಗಿ ಇರುವ ಕೋವಿಯಿಂದ ಮಾತ್ರ ಹೊಡೆಯಬೇಕು. ವಿಷ, ಸ್ಫೋಟಕ, ವಿದ್ಯುತ್ತುಗಳನ್ನು ಬಳಸಬಾರದು. ಸತ್ತ ಪ್ರಾಣಿಯನ್ನು ಕ್ರಮವಾಗಿ ಹೂಳಬೇಕು, ತಿನ್ನಬಾರದು ಎಂಬ ನಿಬಂಧನೆಗಳನ್ನೂ ಹಾಕಿತು. ಈ ನಿಬಂಧನೆಗಳ ಅಗತ್ಯವೇನೆಂದು ತಿಳಿಯಲು ೨೦೨೦ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ನಡೆದುದನ್ನು ನೆನೆದರೆ ಸಾಕು. ಸ್ಫೋಟಕವಿಟ್ಟ ತಿಂಡಿಯನ್ನು ಕಚ್ಚಿ ಬಾಯಿ ಛಿದ್ರವಾದ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣಬಿಟ್ಟಿತು. ಕೋವಿಯವನು ಗುರಿಯ ಮುಂದೆ ಕುಳಿತು ತನ್ನ ಕೆಲಸಕ್ಕೆ ತಾನೇ ಸಾಕ್ಷಿಯಾಗುತ್ತಾನೆ. ಸ್ಫೋಟಕವಿಟ್ಟವನು, ಉರುಳು ಒಡ್ಡಿದವನು, ಬೇಲಿಗೆ ವಿದ್ಯುತ್ತು ಹಾಯಿಸಿದವನು ಮನೆಗೆ ಹೋಗಿ ಮಲಗುತ್ತಾನೆ. ಇಂಥವರನ್ನು ಬೇಟೆಗಾರರೆಂದು ಕರೆದರೆ ಕೋವಿ ಅಜ್ಜನಂಥವರಿಗೆ ಅಪಮಾನ.

೨೦೨೩ರ ಮಳೆಗಾಲದಲ್ಲಿ ನಮ್ಮ ಶಾಲೆಗೂ ಈ ಪ್ರಶ್ನೆ ಬಂತು. ಏಳನೆಯ ತರಗತಿಯ ಹುಡುಗನೊಬ್ಬನ ತಂದೆ ಮುಂಜಾನೆ ಡೈರಿಗೆ ಹಾಲು ಒಯ್ಯುವಾಗ, ಶಾಲೆಯ ಇಳಿಜಾರಿನ ತಿರುವಿನಲ್ಲಿ ಹಂದಿಯೊಂದು ಅಡ್ಡಬಂದು ಗುದ್ದಿ ಅವರ ದ್ವಿಚಕ್ರವಾಹನವನ್ನು ಉರುಳಿಸಿತು. ಕಾಲು ಮುರಿಯಿತು. ಅಡಕೆ ಮರ ಹತ್ತಿ ಬದುಕುವ ಮನುಷ್ಯ. ಅವರ ಮನೆಯ ಒಲೆ ಹೇಗೆ ಉರಿಯಿತೆಂಬುದು ಊರಿಗೆಲ್ಲ ತಿಳಿದ ಸಂಗತಿ. ಅದೇ ವಾರ ಮಧ್ಯಾಹ್ನದ ಊಟಕ್ಕಾಗಿ ಮಕ್ಕಳು ಬೆಳೆಸಿದ್ದ ಮರಗೆಣಸು, ಕೆಸು ಒಂದೇ ರಾತ್ರಿಯಲ್ಲಿ ನೆಲಸಮವಾಯಿತು. ರಕ್ಷಕ-ಶಿಕ್ಷಕ ಸಂಘದ ಸಭೆ ಸೇರಿತು. ಕೊಲ್ಲಿಸಲೇಬೇಕೆಂದು ಕೆಲವರು, ವಿದ್ಯಾಮಂದಿರದ ಹೆಸರಿನಲ್ಲಿ ಹಿಂಸೆ ಬೇಡವೆಂದು ಕೆಲವರು. ಬೇಡವೆಂದವರಲ್ಲಿ ಒಬ್ಬರು ಕಡೆಗೆ, "ಮಾಷ್ಟ್ರು ಅರ್ಜಿ ಹಾಕುವುದಾದರೆ ಹಾಕಲಿ, ನಮ್ಮ ಸಹಿ ಮಾತ್ರ ಬೇಡ" ಎಂದರು. ನಮಗೆ ಥಟ್ಟನೆ ಹಟ್ಟಿಯ ಗೋಡೆಗೆ ಒರಗಿಸಿದ ಕೋವಿ ನೆನಪಾಯಿತು. ಅರ್ಜಿಗೆ ನಾವು ಸಹಿ ಹಾಕಿದೆವು. ಸಹಿ ಹಾಕಿದವನು ಸ್ಥಳದಲ್ಲಿಯೂ ಇರಬೇಕೆಂದು ಅಂದೇ ನಿಶ್ಚಯಿಸಿಕೊಂಡೆವು.

ಪಂಚಾಯತು ಅಧ್ಯಕ್ಷರ ಆಜ್ಞೆಯಂತೆ ಬಂದ ಕೋವಿಯವನು ನಮ್ಮದೇ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಹಿಂದೆ ಇದ್ದ ಹುಡುಗ. ಹಕ್ಕಿಯ ಕೂಗು ಕೇಳಿ ಹೆಸರು ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ರಾತ್ರಿ ಅವನು ಕಾದು ಬರಿಗೈಯಲ್ಲಿ ಹೋದನು. ಮೂರನೆಯ ರಾತ್ರಿ ನಾವೂ ಅವನ ಜೊತೆ ಕುಳಿತಿದ್ದೆವು. ಒಮ್ಮೆ ಹಂದಿ ಬೆಳಕಿಗೆ ಬಂದರೂ ಅವನು ಹೊಡೆಯಲಿಲ್ಲ. ಏಕೆಂದು ಕೇಳಿದುದಕ್ಕೆ, "ಅದರ ಹಿಂದೆ ಅಂಗನವಾಡಿಯ ಗೋಡೆ ಇದೆ ಮಾಷ್ಟ್ರೇ, ಗುಂಡು ತಪ್ಪಿದರೆ ಎಲ್ಲಿ ನಿಲ್ಲುತ್ತದೆಂದು ಮೊದಲು ನೋಡಬೇಕು. ಅಲ್ಲದೆ ಅದು ಅಡ್ಡ ನಿಂತಿರಲಿಲ್ಲ. ಗಾಯಮಾಡಿ ಓಡಿಸಿದರೆ ಅದಕ್ಕೂ ನರಕ, ನಾಳೆ ದಾರಿಯಲ್ಲಿ ಸಿಕ್ಕಿದವರಿಗೂ ನರಕ" ಎಂದನು. ಒಂದು ಗಂಟೆಯ ಬಳಿಕ ಒಂದೇ ಈಡು. ಹಂದಿ ಬಿದ್ದಲ್ಲಿಂದ ಏಳಲಿಲ್ಲ. ನಮ್ಮ ಕೈಗಳು ನಡುಗುತ್ತಿದ್ದುವು. ಅವನ ಕೈಗಳು ನಡುಗುತ್ತಿರಲಿಲ್ಲ, ಆದರೆ ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ. "ಇದರಲ್ಲಿ ನಿನಗೆ ಸುಖವೇನು?" ಎಂದು ಕೇಳಿದೆವು. "ಕಾಯುವುದರಲ್ಲಿ ಇದೆ ಮಾಷ್ಟ್ರೇ. ಕತ್ತಲಲ್ಲಿ ಕುಳಿತರೆ ಗುಡ್ಡವೆಲ್ಲ ಮಾತಾಡುತ್ತದೆ. ಈಡು ಹೊಡೆದ ಮೇಲೆ ಎಲ್ಲ ಸುಮ್ಮನಾಗುತ್ತದೆ, ಅದು ನನಗೆ ಹಿತವಲ್ಲ" ಎಂದನು.

ಬೆಳಗ್ಗೆ ಗುಂಡಿ ತೋಡಿ ಹೂಳುವಾಗ ನೆರೆದವರ ಮಾತು ಇನ್ನೊಂದು ಪಾಠವಾಯಿತು. ಹಳೆಯ ಬೇಟೆಗಾರರೊಬ್ಬರು ಕೋಲೂರಿಕೊಂಡು ಬಂದು, ಇಷ್ಟು ದೊಡ್ಡ ಜೀವವನ್ನು ಕೊಂದು ನಾಲ್ಕು ಮನೆಗೆ ಪಾಲು ಹಂಚದೆ ಮಣ್ಣಿಗೆ ಹಾಕುವುದೇ ಮಹಾಪಾಪವೆಂದು ಸಿಟ್ಟಾದರು. ತಿನ್ನದಿದ್ದರೆ ಕೊಲ್ಲಬಾರದೆಂಬುದು ಅವರು ಕಲಿತ ಧರ್ಮ. ಸಹಿ ಬೇಡವೆಂದ ಮಹನೀಯರಿಗೋ ಹೂಳಿದುದೇ ಸಮಾಧಾನ. ತಿಂದಿದ್ದರೆ ಅದು ಹಿಂಸೆಯಾಗುತ್ತಿತ್ತಂತೆ! ಒಂದೇ ಹೆಣದ ಮುಂದೆ ನಿಂತು ಇಬ್ಬರೂ ಪಾಪವನ್ನು ಕಂಡರು, ಆದರೆ ಬೇರೆಬೇರೆ ಕಡೆಯಲ್ಲಿ. ಮಾಂಸಕ್ಕಾಗಿ ಕೊಲೆ ಬೆಳೆಯಬಾರದೆಂಬ ಕಾನೂನಿನ ಉದ್ದೇಶ ಸರಿಯಾದದ್ದೆಂದು ನಮ್ಮ ಅಭಿಪ್ರಾಯ. ಆದರೆ ಆ ಮುದುಕರ ಸಿಟ್ಟಿನಲ್ಲಿ ಜೀವದ ಬೆಲೆಯ ಅರಿವಿತ್ತೆಂಬುದನ್ನು ಅಲ್ಲಗಳೆಯಲಾರೆವು.

ಆಮೇಲೆ ತಂದೆಯ ಕಾಲು ಮುರಿದ ಆ ಹುಡುಗ ಗುಂಡಿಯ ಬಳಿಗೆ ಬಂದನು. ಅವನು ಸಂತೋಷಪಡುವನೆಂದು ನಾವು ಎಣಿಸಿದ್ದೆವು. ಅವನು ಕೇಳಿದುದು ಇಷ್ಟೇ: "ಸರ್, ಅಪ್ಪನಿಗೆ ಗುದ್ದಿದ್ದು ಇದೇ ಹಂದಿಯೇ?" ನಾವು ಕೋವಿಯವನ ಮುಖ ನೋಡಿದೆವು. ಅವನು, "ಗೊತ್ತಿಲ್ಲ" ಎಂದನು. ನಮಗೂ ಗೊತ್ತಿರಲಿಲ್ಲ. ಅಪರಾಧಿ ಇದೇ ಎಂದು ತಿಳಿಯದೆ ನಾವೊಂದು ಮರಣದಂಡನೆಗೆ ಸಹಿ ಹಾಕಿದ್ದೆವು. ಪ್ರಾಣಿಯಲ್ಲಿ ಅಪರಾಧವೆಂಬುದೇ ಇಲ್ಲ, ಹಸಿವು ಮಾತ್ರ ಇದೆ ಎಂಬುದು ಆ ಬಾಲಕನ ಪ್ರಶ್ನೆಯಿಂದ ನಮಗೆ ಮನದಟ್ಟಾಯಿತು. ಕೊಲ್ಲುವುದು ಅನಿವಾರ್ಯವಾದಾಗಲೂ ಅದನ್ನು ಶಿಕ್ಷೆಯೆಂದೋ ಸೇಡೆಂದೋ ತಿಳಿಯಬಾರದು.

ಮತ್ತೆ ಆ ಹಳೆಯ ವಿದ್ಯಾರ್ಥಿಯನ್ನೇ ಕೇಳಿದೆವು: ಹಂದಿಗಳು ಇಲ್ಲಿಗೇ ಏಕೆ ಬರುತ್ತವೆ? ಅವನು ನಮ್ಮನ್ನು ಕರೆದುಕೊಂಡು ಹೋಗಿ ಜಾಡು ತೋರಿಸಿದನು. ಹೆಜ್ಜೆಗಳು ಮೊದಲು ಹೋದುದು ಶಾಲೆಯ ಅಡಿಗೆಮನೆಯ ಹಿಂದೆ ನಾವು ಸುರಿಯುತ್ತಿದ್ದ ಅನ್ನದ ಎಂಜಲಿಗೆ. ಅಲ್ಲಿಂದ ರಸ್ತೆಯ ತಿರುವಿನಲ್ಲಿ ಯಾರೋ ರಾತ್ರಿ ತಂದು ಎಸೆಯುವ ಕೋಳಿ ಅಂಗಡಿಯ ಕಸಕ್ಕೆ. ಹಗಲು ಅವು ಮಲಗುವುದು ಬೇಸಾಯ ನಿಂತು ಪೊದೆ ಬೆಳೆದ ಹಡಿಲು ಗದ್ದೆಯಲ್ಲಿ. ಒಂದು ಹೆಣ್ಣು ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ತಿನ್ನುವ ಹುಲಿ ಚಿರತೆಗಳು ನಮ್ಮ ಗುಡ್ಡಗಳಲ್ಲಿ ವಿರಳ. ಅಂದರೆ ಹಂದಿಯನ್ನು ಕರೆದವರು ನಾವೇ, ಸಾಕಿದವರು ನಾವೇ, ಕಡೆಗೆ ಕೋವಿಯವನನ್ನು ಕರೆದವರೂ ನಾವೇ. ಎಂಜಲಿಗೆ ಮುಚ್ಚಳವಿರುವ ಗುಂಡಿಯಾಯಿತು. ಸಂಘದವರೂ ಹಳೆ ವಿದ್ಯಾರ್ಥಿಗಳೂ ಸೇರಿ ಗದ್ದೆಯ ಪೊದೆ ಸವರಿದರು. ತಿರುವಿನಲ್ಲಿ ದೀಪ ಬಂತು. ಕಸ ಎಸೆಯುವುದು ನಿಂತಿತು. ಅಂದಿನಿಂದ ಶಾಲೆಯ ಆವರಣದಲ್ಲಿ ಎರಡನೆಯ ಈಡಿನ ಅಗತ್ಯ ಬೀಳಲಿಲ್ಲ. ಎಲ್ಲ ಊರುಗಳಲ್ಲಿಯೂ ಇಷ್ಟರಿಂದಲೇ ಪರಿಹಾರವಾದೀತೆಂದು ನಾವು ಹೇಳುವುದಿಲ್ಲ. ಆದರೆ ಕೋವಿಗೆ ಮುಂಚೆ ಮಾಡಬೇಕಾದ ಕೆಲಸಗಳನ್ನು ಮಾಡಿ ಮುಗಿಸದೆ ಕೋವಿಯನ್ನು ಕರೆಯುವುದು ಧರ್ಮವಲ್ಲ.

ಕಡೆಯದಾಗಿ ಎರಡು ವಿನಂತಿಗಳು. ಕೋವಿ ಹಿಡಿದ ಬಂಧುಗಳೇ, ತಮ್ಮಲ್ಲಿ ಸಂಯಮವಿದೆ, ಕಾಡಿನ ಜ್ಞಾನವಿದೆ. ಜಾಡು, ಮರಸು, ಹಳು, ಸೋವು, ಬೋಂಟೆ ಎಂಬ ಮಾತುಗಳೊಡನೆ ಆ ಜ್ಞಾನವೂ ಮುಂದಿನ ತಲೆಮಾರಿಗೆ ಇಲ್ಲದಂತಾಗುತ್ತಿದೆ. ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸಬೇಡಿರಿ; ಹೆಜ್ಜೆ ಗುರುತಿಸುವುದನ್ನು, ಕೂಗು ಕೇಳುವುದನ್ನು, ಕತ್ತಲಲ್ಲಿ ಮಿಸುಕದೆ ಕುಳಿತುಕೊಳ್ಳುವುದನ್ನು ಕಲಿಸಿಕೊಡಿರಿ. ಗಡಿನಾಡಿನ ಕನ್ನಡ ಶಾಲೆಗೆ ಇದು ಭಾಷೆಯ ಸೇವೆಯೂ ಹೌದು. ನಮ್ಮ ಸಂಘವು ಹಿರಿಯ ಬೇಟೆಗಾರರ ಬಾಯಿಂದ ಈ ಪದಗಳನ್ನೂ ಅನುಭವಗಳನ್ನೂ ಬರೆಯಿಸಿ ಇಡಬೇಕೆಂದು ಅಧ್ಯಕ್ಷರಲ್ಲಿ ಪ್ರಾರ್ಥಿಸುತ್ತೇವೆ. ಬೇಟೆಯಾಡದ ಬಂಧುಗಳೇ, ತಮ್ಮ ದಯೆ ದೊಡ್ಡದು. ಅದು ಕಿವಿ ಮುಚ್ಚಿಕೊಳ್ಳುವ ದಯೆಯಾಗದಿರಲಿ. ಬೇಡವೆನ್ನುವುದಾದರೆ ಬೆಳೆ ಕಳೆದುಕೊಂಡವನ ನಷ್ಟದಲ್ಲಿ ಪಾಲುಗೊಳ್ಳೋಣ. ಬೇಕೆನ್ನುವುದಾದರೆ ನಮ್ಮ ಹೆಸರನ್ನೂ ಬರೆಯೋಣ, ಗುಂಡಿಯ ಬಳಿ ನಾವೂ ನಿಲ್ಲೋಣ.

ಕೋವಿ ಅಜ್ಜ ತೀರಿಹೋಗಿ ಬಹಳ ವರ್ಷಗಳಾದುವು. ಅವರನ್ನು ನಮ್ಮ ಮನೆಯ ಜಗಲಿಗೆ ಕರೆದು ಕುಳ್ಳಿರಿಸಲು ನಮಗೆ ಸಾಧ್ಯವಾಗಲಿಲ್ಲ. ಅವರ ಮೊಮ್ಮಗಳು ಇಂದು ನಮ್ಮ ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದಾಳೆ; ಈ ಸಭೆಯ ಮೊದಲನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಷ್ಟರಮಟ್ಟಿಗೆ ನಮಗೆ ಸಮಾಧಾನ.